ಗದ್ದುಗೆಯನ್ನು ಕೇಕು ಎಂದ ಟ್ಯಾಬು

ಮಕ್ಕಳ ಹೊಸ ಆಟದ ಯೋಜನೆಯನ್ನು ನೋಡಿಕೊಳ್ಳುವ ಅಧಿಕಾರಿಗಳೇ,

ನನ್ನ ಮೊಮ್ಮಗಳು ಸಹನಾಳನ್ನು ಶಾಲೆಯ ಆಟದ ಕೋಣೆಯಿಂದ ಹೊರಗಿಟ್ಟಿದ್ದೀರಿ. ಅವಳಿಗೆ ಆರು ವರ್ಷ. ಸರ್ಕಾರದ ಸ್ವತ್ತಿಗೆ ಹಾನಿ ಮಾಡಿದಳು, ಸ್ವಭಾವ ಒರಟು ಎಂದು ತಮ್ಮ ಆದೇಶದಲ್ಲಿದೆ. ಯಾಕೆ ಮಾಡಿದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಹೀಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಸಿಟ್ಟಿನಿಂದ ಬರೆಯುತ್ತಿಲ್ಲ. ನನ್ನ ಸೊಸೆ ಉಷಾ ಜ್ವರದಲ್ಲಿ ತೀರಿಕೊಂಡ ಮೇಲೆ ನನಗೆ ಸಿಟ್ಟು ಬರುವುದು ನಿಂತಿದೆ. ಅಳುವೂ ಬರುವುದಿಲ್ಲ. ಒಲೆ ಹಚ್ಚುತ್ತೇನೆ, ಮುದ್ದೆ ತಿರುವುತ್ತೇನೆ, ಬಡಿಸುತ್ತೇನೆ. ಉಪ್ಪು ಸಾಲದಿದ್ದರೆ ಬೇರೆಯವರು ಹೇಳಬೇಕು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹೊಲದಲ್ಲಿ ಗುಣಿ ತೆಗೆದು, ಕೂರಿಸಿ, ಮಣ್ಣು ಮಾಡುತ್ತೇವೆ. ಮೇಲೆ ಮೂರು ಮೆಟ್ಟಿಲಿನ ಗದ್ದುಗೆ ಕಟ್ಟುತ್ತೇವೆ. ಸಹನಾ ಎಲ್ಲವನ್ನೂ ಅಪ್ಪನ ಹೆಗಲ ಮೇಲಿಂದ ನೋಡಿದಳು. ಆಮೇಲೆ ಮಾತು ಕಡಿಮೆಯಾಯಿತು. ತಮ್ಮ ಯೋಜನೆಯ ಪ್ಲಾಸ್ಟಿಕ್ ಇಟ್ಟಿಗೆಗಳು ಶಾಲೆಗೆ ಬಂದಾಗ ದಿನಾ ಅದನ್ನೇ ಕಟ್ಟತೊಡಗಿದಳು. ನಡುವೆ ಟೊಳ್ಳು ಬಿಟ್ಟು, ಒಳಗೊಂದು ಕೆಂಪು ಇಟ್ಟಿಗೆಯನ್ನು ಕೂರಿಸಿ, ಸುತ್ತಲೂ ಮೂರು ಮೆಟ್ಟಿಲು ಎಬ್ಬಿಸಿ ಮುಚ್ಚುವಳು. ಮನೆಗೆ ಬಂದು, "ಅಜ್ಜಿ, ಅವ್ವನ್ನ ನೆಟ್ಟಗೆ ಕುಂದ್ರಿಸ್ದೆ. ಇವತ್ತು ವಾಲಲಿಲ್ಲ" ಅನ್ನುವಳು. ಆಮೇಲೆ ಉಣ್ಣುವಳು. ನನಗೆ ಬೇಕಾಗಿದ್ದುದು ಅಷ್ಟೇ.

ನಂತರ ಟ್ಯಾಬು ಬಂತು. ಮಕ್ಕಳು ಕಟ್ಟಿದ್ದರ ಮುಂದೆ ಹಿಡಿದರೆ ಪರದೆಯಲ್ಲಿ ಅದಕ್ಕೆ ಜೀವ ಬರುತ್ತದೆ. ಪ್ರದರ್ಶನಕ್ಕೆ ತಾವೇ ಬಂದಿದ್ದಿರಿ, ನಾನೂ ಕೂತಿದ್ದೆ. ನಮ್ಮೂರ ರಂಗಸ್ವಾಮಿಯ ಮಗ ಲಾರಿ ಕಟ್ಟಿದ್ದ. ಪರದೆಯಲ್ಲಿ ಅದು ಹೊಗೆ ಬಿಡುತ್ತಾ ಕೋಣೆಯ ನೆಲದ ಮೇಲೆಲ್ಲ ಓಡಿತು. "ಲೇ, ಹತ್ತು, ಐಮಂಗಲಕ್ಕೆ ಹೋಗಾಣ!" ಎಂದು ಹುಡುಗರು ಕೂಗಿದರು. ನಾನೂ ನಕ್ಕೆನಂತೆ, ಪಕ್ಕದವರು ಹೇಳಿದರು. ಆಟ ಚೆನ್ನಾಗಿದೆ. ಅದನ್ನು ದೂರಲು ಈ ಪತ್ರವಲ್ಲ.

ಮುಂದಿನ ಸರದಿ ಸಹನಾಳದು. ಭಾಗ್ಯ ಟೀಚರ್ ಟ್ಯಾಬು ಹಿಡಿದರು. ಮೂರು ಮೆಟ್ಟಿಲು ಕಂಡ ಯಂತ್ರ ಅದನ್ನು ಕೇಕು ಎಂದುಕೊಂಡಿತು. ನನ್ನ ಸೊಸೆಯ ಗದ್ದುಗೆಯ ಮೇಲೆ ಕ್ರೀಮು ಸುರಿಯಿತು, ಮೇಣದಬತ್ತಿ ಹಚ್ಚಿತು, ಬಲೂನು ಹಾರಿಸಿ ಹುಟ್ಟುಹಬ್ಬದ ಹಾಡು ಹಾಕಿತು.

"ಕೇಕಲ್ಲ ಅದು," ಅಂದಳು ಸಹನಾ.

"ಟ್ಯಾಬ್ ತಪ್ಪು ಹೇಳಲ್ಲ ಪುಟ್ಟಿ. ಎಲ್ಲಿ, ಊದು ನೋಡೋಣ," ಅಂದಿರಿ ತಾವು.

"ನಮ್ಮವ್ವ ಒಳಗವ್ಳೆ."

"ಹೌದಾ? ಹಂಗಾದ್ರೆ ಅವ್ವಂಗೂ ಒಂದು ಪೀಸ್ ಕೊಡು!"

ಎಲ್ಲರೂ ನಕ್ಕರು. ಅವಳು ಟೀಚರ್ ಕೈಯಿಂದ ಟ್ಯಾಬನ್ನು ಕಿತ್ತು, ನೆಲಕ್ಕೆ ಬೋರಲು ಹಾಕಿ, ಅದರ ಮೇಲೆ ಕೂತಳು. ಗಾಜು ಬಿರಿಯಿತು. ಹಾಡು ಇನ್ನೂ ಸ್ವಲ್ಪ ಹೊತ್ತು ಅವಳ ಕೆಳಗಿನಿಂದ ಬರುತ್ತಿತ್ತು.

ಯಂತ್ರಕ್ಕೆ ಹೊರಗಿನದಷ್ಟೇ ಕಾಣುತ್ತದೆ. ಕೇಕು ಕತ್ತರಿಸುವ ಊರಿನವರು ಅದಕ್ಕೆ ಕಲಿಸಿದ್ದಾರೆ, ಗದ್ದುಗೆ ಕಟ್ಟುವ ಊರನ್ನು ಅದು ಕಂಡಿಲ್ಲ. ತಾವಾದರೋ ಈ ಸೀಮೆಯವರು. ಹಿರಿಯೂರಿನಿಂದ ನಮ್ಮೂರಿಗೆ ಬರುವ ದಾರಿಯ ಹೊಲಗಳಲ್ಲಿ ಅಂಥವು ಎಷ್ಟು ನಿಂತಿವೆ! ಕಾರಿನ ಕಿಟಕಿಯಿಂದ ಕಂಡದ್ದು ಮಗುವಿನ ಮುಂದೆ ಏಕೆ ಕಾಣಲಿಲ್ಲ? ಅವಳು ಬಾಯಿಬಿಟ್ಟು ಹೇಳಿದಳಲ್ಲ? ಆದೇಶದಲ್ಲಿ 'ಒರಟು' ಎಂದು ಬರೆಯುವಾಗ ತಮಗೆ ಅವಳ ಹೆಸರೊಂದೇ ನೆನಪಾಯಿತೇ?

ಟ್ಯಾಬನ್ನು ನನ್ನ ಮಗ ನಾಗರಾಜ ರಿಪೇರಿ ಮಾಡಿಸಿ ಕೊಟ್ಟಿದ್ದಾನೆ. ಸರ್ಕಾರದ ಸ್ವತ್ತು ಈಗ ನೆಟ್ಟಗಿದೆ. ಸಹನಾಳ ತಟ್ಟೆಯ ಮುದ್ದೆ ಮಾತ್ರ ಹಾಗೇ ಉಳಿಯುತ್ತದೆ. ಅಂಗಳದಲ್ಲಿ ಕಲ್ಲು, ಮಣ್ಣು ಕೊಟ್ಟು ಕಟ್ಟು ಎಂದೆ. "ಬ್ಯಾಡ. ಅವ್ವ ಶಾಲೆಯಾಗವ್ಳೆ. ಬಾಗಿಲು ಹಾಕ್ಯಾರೆ" ಅಂದಳು. ಕಲ್ಲು, ಮಣ್ಣನ್ನು ಮತ್ತೆ ಬುಟ್ಟಿಗೆ ತುಂಬಿಟ್ಟೆ. ಅವಳಿಗೆ ಏನು ಹೇಳಬೇಕೋ ತಾವೇ ತಿಳಿಸಿ.

ಕ್ಷಮಾಪಣೆ ಬರೆದುಕೊಟ್ಟರೆ ಒಳಗೆ ಬಿಡುತ್ತೇವೆ ಎಂದು ಹೇಳಿಕಳಿಸಿದ್ದೀರಿ. ನಾನು ಬರೆಯುವುದಿಲ್ಲ. ಅವಳಿಗೆ ಇನ್ನೂ ಒತ್ತಕ್ಷರ ಬರುವುದಿಲ್ಲ.

ಸೋಮವಾರ ಆ ಕೋಣೆ ಅವಳಿಗೆ ತೆರೆದಿರಬೇಕು. ಅವಳು ಕಟ್ಟುವಾಗ ಯಾರೂ ಟ್ಯಾಬು ಹಿಡಿಯಬಾರದು. ಬೇರೆ ಮಕ್ಕಳ ಮುಂದೆ ಹಿಡಿಯುವುದಿದ್ದರೂ ಮೊದಲು "ಏನು ಕಟ್ಟಿದ್ದೀಯವ್ವ?" ಎಂದು ಬಾಯಿಂದ ಕೇಳಬೇಕು. ಇಷ್ಟನ್ನು ತಾವು ಆದೇಶವಾಗಿ ಹೊರಡಿಸಬೇಕು. ಅಂದು ನಾನೇ ಅವಳನ್ನು ಕರೆತರುತ್ತೇನೆ. ಬಾಗಿಲು ಹಾಕಿದ್ದರೆ ಅದರ ಮುಂದೆ ಇಬ್ಬರೂ ಕೂರುತ್ತೇವೆ. ಎಷ್ಟು ಹೊತ್ತಾದರೂ ಸರಿ. ಎದ್ದು ಬೇರೆಲ್ಲಾದರೂ ಹೋಗಬೇಕೆಂದು ನನಗೆ ಈಗ ಅನ್ನಿಸುವುದೇ ಇಲ್ಲ.

ಇಂತಿ,
ಸರ್ಕಾರಿ ಶಾಲೆಯಲ್ಲೇ ಎಸ್ಸೆಸ್ಸೆಲ್ಸಿವರೆಗೆ ಓದಿ ಇಷ್ಟು ಬರೆಯಲು ಕಲಿತ
ಶಿವಗಂಗಮ್ಮ
ಹಿರಿಯೂರು ತಾಲ್ಲೂಕು