ರಾಣಿ ಕೂತ ಕುರ್ಚಿ

ಶೇಷಪ್ಪನವರೇ,

ನಮ್ಮ ರಂಗಮಂದಿರದ ಚಾವಣಿಗೆ ತಗಡು ಕೊಡುತ್ತೇನೆ ಎಂದಿರಿ, ಪರದೆಯೂ ನನ್ನದೇ ಎಂದಿರಿ. ಈಗ ಎರಡೂ ಇಲ್ಲ ಎಂದಿರಿ. ಯಾಕೆಂದು ನಿನ್ನೆ ತಿಳಿಯಿತು.

ಸಹಾಯಾರ್ಥ ನಾಟಕಕ್ಕೆ ಸಿಂಹಾಸನವಾಗಲೆಂದು ನಿಮ್ಮ ತಂದೆಯವರ ಕುರ್ಚಿಯನ್ನು ನೀವೇ ಕಳಿಸಿದಿರಿ. ರಾಣಿ ಅದರಲ್ಲಿ ಕೂತಾಗ ಚಪ್ಪಾಳೆಯನ್ನೂ ತಟ್ಟಿದಿರಿ. ಬಣ್ಣ ಕಳಚಿದ ಮೇಲೆ ನಿಮಗೆ ಗೊತ್ತಾಯಿತು, ಅವಳು ಕೇರಿಯ ಭವ್ಯಾ, ನಿಮ್ಮ ಕೊಟ್ಟಿಗೆ ಬಾಚುವ ರಂಗಮ್ಮನ ಮಗಳು. ಕುರ್ಚಿ ತೊಳೆಸಿದಿರಿ. ಅದೂ ರಂಗಮ್ಮನ ಕೈಯಲ್ಲೇ!

"ಮೂರ್ ಸಲ ತೊಳ್ಸಿದ್ರು ಮಾರಾಯ್ತಿ, ಆ ಕುರ್ಚಿಗೆ ಎಂತ ಆಗಿತ್ತು?" ಎಂದು ಆಕೆ ನನ್ನನ್ನು ಕೇಳಿದರು. ಉತ್ತರ ನೀವೇ ಹೇಳಿ.

ನಿಮ್ಮ ತಗಡು ಬೇಡ. ಕುರ್ಚಿ ಮಾತ್ರ ತನ್ನಿ. ಸಮಿತಿ ಸಭೆಗೆ ರಂಗಮ್ಮನದೇ ಅಧ್ಯಕ್ಷತೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.

ಯಶೋದಾ
ರಂಗಮಂದಿರ ಸಮಿತಿ, ಹೊಸನಗರ