ಹವಳ ಕಟ್ಟಿಕೊಂಡ ಮಗು

ಅಬುಧಾಬಿ
೧೮ ಫೆಬ್ರವರಿ ೨೦೧೯, ಸೋಮವಾರ

ಪ್ರೀತಿಯ ಸ್ವರ್ಣಕ್ಕನಿಗೆ, ತಂಗಿ ಶರ್ಮಿಳಾಳ ನಮಸ್ಕಾರ.

ನಾನೂ ರಂಜಿತ್ ಅವರೂ ಇಲ್ಲಿ ಸೌಖ್ಯ. ಭಾವನ ಮಂಡಿನೋವು ಹೇಗಿದೆ? ದೀಪ್ತಿಯ ಕೆಮ್ಮು ಹೋಯಿತೇ? ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ಇಷ್ಟು ದಿನ ಜಾರಿಕೊಂಡೆ, ಸಿಟ್ಟು ಮಾಡಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಸ್ಪೀಕರ್ ಹಾಕಿ ತೆಂಗಿನಕಾಯಿ ತುರಿಯುವ ಚಾಳಿ; ಮಗು ಪಕ್ಕದಲ್ಲೇ ಕಿವಿ ಬಿಟ್ಟುಕೊಂಡು ಕೂತಿರುತ್ತದೆ. ರಂಜಿತ್ ಅವರ ಕಂಪನಿಯ ಫಿಡೆಲಿಸ್ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದವನ್ನೂ ಒಂದು ಸಣ್ಣ ಪೊಟ್ಟಣವನ್ನೂ ಕಳಿಸುತ್ತಿದ್ದೇನೆ.

ದೀಪ್ತಿಯನ್ನು ಏಪ್ರಿಲಿಗೆ ಇಲ್ಲಿಗೆ ಕರೆಸುವುದೋ, ನಿನ್ನ ಹತ್ತಿರವೇ ಬಿಡುವುದೋ ಎಂಬುದು ನಿನ್ನ ಪ್ರಶ್ನೆ. ಕಂಪನಿಯವರು ಕೊನೆಗೂ ಫ್ಯಾಮಿಲಿ ಫ್ಲ್ಯಾಟ್ ಕೊಟ್ಟಿದ್ದಾರೆ. ಮುಸಫ್ಫಾದ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೀಟೂ ಸಿಕ್ಕಿದೆ. ಹಾಲು ಕುಡಿಯುವ ಮಗುವನ್ನು ನಿನ್ನ ಮಡಿಲಿಗೆ ಹಾಕಿ ವಿಮಾನ ಹತ್ತಿದಾಗ, ಒಂದು ವರ್ಷದೊಳಗೆ ಕರೆಸಿಕೊಳ್ಳುತ್ತೇನೆ ಎಂದಿದ್ದೆ. ಈಗ ಅವಳಿಗೆ ಆರು ತುಂಬಿತು. "ನಿನ್ನ ಮಗು, ನೀನು ಹೇಳಿದ ದಿನ ಬಟ್ಟೆ ಕಟ್ಟುತ್ತೇನೆ" ಎಂದೆ ನೀನು. ಆಮೇಲೆ ಎರಡು ದಿನ ಫೋನ್ ಎತ್ತಲಿಲ್ಲ. ನನಗೇನು ಅರ್ಥವಾಗುವುದಿಲ್ಲವೇ?

ಇರಲಿ, ಮೊದಲು ಕೆಲಸದ ಸುದ್ದಿ. ಮ್ಯೂಸಿಯಂನಲ್ಲಿ ಈಗ ನನ್ನನ್ನು ಹೊಸ ಕೋಣೆಗೆ ಹಾಕಿದ್ದಾರೆ. ಕೆಲಸ ಅದೇ: ಗೋಡೆಯ ಪಕ್ಕ ನಿಂತು 'ಮುಟ್ಟಬೇಡಿ' ಎನ್ನುವುದು. ಇಲ್ಲಿರುವುದೆಲ್ಲ ಇಟಲಿಯಿಂದ ಬಂದ, ಐನೂರು ವರ್ಷಕ್ಕೂ ಹಳೆಯ ಚಿತ್ರಗಳು, ಮೂರ್ತಿಗಳು. ಒಂದು ಪುಟ್ಟ ಕಂಚಿನ ಮಗು ಎರಡು ಕೈಯಲ್ಲೂ ಒಂದೊಂದು ಹಾವಿನ ಕುತ್ತಿಗೆ ಹಿಸುಕುತ್ತಾ ಕೂತಿದೆ. ಹರ್ಕ್ಯುಲಿಸ್ ಅಂತೆ. ನನ್ನ ಕಣ್ಣಿಗೆ ಕಾಳಿಂಗನ ಮೇಲೆ ಕುಣಿದ ನಮ್ಮ ಉಡುಪಿಯ ಪೋರನ ದಾಯಾದಿ.

ಅದರ ಎದುರಿಗೆ, ಮರದ ಹಲಗೆಯ ಮೇಲೆ ಬರೆದ ಮೇರಿ ಮಾತೆ. ನೀಲಿ ಸೆರಗು, ಹಿಂದೆ ಚಿನ್ನದ ರೇಕು, ಮಡಿಲಲ್ಲಿ ಬಾಲ ಯೇಸು. ಮಗು ಎಂಥ ಗುಂಡು ಗುಂಡು ಅಂತೀಯ, ಕೆನ್ನೆ ಹಿಂಡಬೇಕು ಅನಿಸುತ್ತದೆ! ತಾಯಿಯ ಮುಖ ಮಾತ್ರ ಅಡುಗೆ ಅರ್ಧಕ್ಕೆ ಬಂದಾಗ ಗ್ಯಾಸ್ ಮುಗಿದವಳದು. ಇಂಥ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಎಂತದಕ್ಕೆ ಈ ಮೋರೆ ಎಂದು ಮೊದಲ ದಿನ ನನಗೆ ಸಿಟ್ಟೇ ಬಂತು. ಗೈಡ್ ಒಬ್ಬರು ವಿವರಿಸುವಾಗ ಕೇಳಿಸಿಕೊಂಡೆ. ಈ ಮಗ ತನ್ನ ಕೈಯಲ್ಲಿ ಉಳಿಯುವುದಿಲ್ಲವೆಂದು ಅವಳಿಗೆ ಮುಂಚೆಯೇ ಗೊತ್ತಂತೆ. ಅದಕ್ಕೇ ಆಗಿನ ಚಿತ್ರಕಾರರು ಎಷ್ಟೋ ಸಲ ಅವಳ ಮುಖವನ್ನು ಹೀಗೆ ಬರೆಯುತ್ತಿದ್ದರಂತೆ.

ಮಗುವಿನ ಕುತ್ತಿಗೆಯಲ್ಲಿ ಕೆಂಪು ಹವಳದ ಸರವಿದೆ. ಅದು ಅಂದಕ್ಕಲ್ಲ, ದೃಷ್ಟಿಯಾಗದಿರಲಿ ಎಂದು ಅಲ್ಲಿಯ ತಾಯಂದಿರು ಮಕ್ಕಳಿಗೆ ಕಟ್ಟುತ್ತಿದ್ದದ್ದಂತೆ. ನಮ್ಮ ಕರಿಮಣಿ, ಬಜೆ ತುಂಡು, ಕೆನ್ನೆಯ ಕಪ್ಪು ಬೊಟ್ಟು ಎಲ್ಲ ನೆನಪಾಗಿ ನಗು ಬಂತು.

ಕಳೆದ ಗುರುವಾರ ಒಂದು ಯಡವಟ್ಟು ಮಾಡಿಕೊಂಡೆ. ಆ ದಿನ ಬಸ್ಸುಗಟ್ಟಲೆ ಪ್ರವಾಸಿಗಳು. ಎಲ್ಲರದ್ದೂ ಒಂದೇ ರಾಗ, ಸೋ ಕ್ಯೂಟ್, ಸೋ ಕ್ಯೂಟ್. ಅಷ್ಟೊಂದು ಕಣ್ಣು ಒಂದೇ ಮಗುವಿನ ಮೇಲೆ! ಕೋಣೆ ಖಾಲಿಯಾದ ಮೇಲೆ ನನ್ನ ಕೈ ತಡೆಯಲಿಲ್ಲ, ನೋಡು. ನೆಲದ ಮೇಲಿನ ಗೆರೆ ದಾಟಿ ಹತ್ತಿರ ಹೋಗಿ, ಎರಡೂ ಕೈಗಳನ್ನು ಮಗುವಿನ ಮುಖದ ಮುಂದೆ ಮೇಲಿನಿಂದ ಕೆಳಗೆ ಇಳಿಸಿ, ನನ್ನ ಕಪಾಲಕ್ಕೆ ಒತ್ತಿ ಲಟಲಟ ನೆಟಿಕೆ ಮುರಿದೆ. ಅಷ್ಟರಲ್ಲಿ ಅಲಾರಾಂ ಹೊಡೆದುಕೊಂಡಿತು.

ನನ್ನ ಸೂಪರ್‌ವೈಸರ್ ಎಮಿಲಿಯಾ ಓಡಿ ಬಂದಳು. ಮಂಗಳೂರಿನ ಮನೆತನ, ಆದರೆ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅವಳ ಅಮ್ಮನಿಂದ ಬಂದದ್ದು.

"ಎಂತ ಮಾರಾಯ್ತಿ, ಕ್ಯಾಮೆರಾದಲ್ಲಿ ನೋಡಿದ್ರೆ ನೀನು ಮಗುವಿಗೆ ಹೊಡೀಲಿಕ್ಕೆ ಹೋದ ಹಾಗೆ ಉಂಟು!"

"ಹೊಡೀಲಿಕ್ಕೆ ಅಲ್ಲ, ದೃಷ್ಟಿ ತೆಗೆದದ್ದು."

"ಅವನು ದೇವರಲ್ವಾ? ದೇವರಿಗೆ ಎಂತ ದೃಷ್ಟಿ?"

"ದೇವರಾದ್ರೆ ಎಂತಾಯ್ತು? ಕೃಷ್ಣನಿಗೂ ಯಶೋದೆ ದೃಷ್ಟಿ ತೆಗೀತಿದ್ಲು."

"ಯಶೋದೆ ಅಂದ್ರೆ ಹೆತ್ತ ತಾಯಿಯಾ?"

"ಅಲ್ಲ. ಸಾಕಿದವಳು. ಹೆತ್ತವಳು ದೇವಕಿ."

"ಹೌದಾ? ಮತ್ತೆ ನಿಮ್ಮ ಮನೆಗಳ ಕ್ಯಾಲೆಂಡರಿನಲ್ಲಿ ಮಗುವನ್ನು ಎತ್ತಿಕೊಂಡಿರುವುದು ಯಾರು?"

"ಯಶೋದೆ" ಎಂದೆ. ನನ್ನ ಮುಖ ನೋಡಿ, ಕೆಲಸ ಹೋಗುವ ಹೆದರಿಕೆ ಎಂದುಕೊಂಡಳೋ ಏನೋ. "ಖಲಾಸ್, ಬಿಡು. ಮೇಲಿನವರಿಗೆ ನಾನು ಹೇಳ್ತೇನೆ. ಇನ್ನು ಗೆರೆ ದಾಟಬೇಡ" ಎಂದು ಬೆನ್ನು ತಟ್ಟಿ ಹೋದಳು. ನಾನು ನನ್ನ ಜಾಗಕ್ಕೆ ಬಂದು ನಿಂತೆ. ಮೇರಿ ಮಾತೆಯ ಮೋರೆಯ ಮೇಲೆ ಈಗ ನನಗೆ ಸಿಟ್ಟಿರಲಿಲ್ಲ.

ಅಕ್ಕ, ಶಾಲೆಯವರಿಗೆ ನಿನ್ನೆ ಸೀಟು ಬೇಡವೆಂದು ಹೇಳಿ ಬಂದೆ. ದೀಪ್ತಿ ನಿನ್ನ ಹತ್ತಿರವೇ ಇರಲಿ, ಅವಳ ಬಟ್ಟೆ ಕಪಾಟಿನಲ್ಲೇ ಇರಲಿ. ನಾನು ಹೇಳಿದಾಗ ರಂಜಿತ್ ಊಟ ಬಿಟ್ಟು ಎದ್ದಿದ್ದರು. ಎರಡು ದಿನದ ಮೇಲೆ, "ಅವಳಿಗೆ ಎಲ್ಲಿ ನಿದ್ರೆ ಬರ್ತದೋ ಅಲ್ಲೇ ಇರ್ಲಿ" ಎಂದರು. ಅವರಿಗೂ ಸಂಕಟವೇ. ಹೇಳಿಕೊಳ್ಳುವ ಜಾತಿಯಲ್ಲ.

ನೀನು ಇದನ್ನು ತ್ಯಾಗ ಗೀಗ ಎಂದು ಊರಲ್ಲಿ ಡಂಗುರ ಸಾರಬೇಡ. ಭಾವನಿಗೆ ನಮಸ್ಕಾರ ತಿಳಿಸು. ಮಗುವಿಗೆ ದೇವರು ಒಳ್ಳೆಯದು ಮಾಡಲಿ. ನಿನ್ನ ಆಶೀರ್ವಾದ ನನ್ನ ಮೇಲೂ ಇರಲಿ.

ನಿನ್ನ ತಂಗಿ,
ಶರ್ಮಿಳಾ

ತಾ.ಕ.: ದೀಪಾವಳಿಗೆ ಬಂದಾಗ ನಡೆದದ್ದು ನಿನಗೆ ನೆನಪಿದೆಯೇ? ಹೊಸ ಲಂಗ ಹಾಕಿ ನಿಂತಿದ್ದ ದೀಪ್ತಿಗೆ ದೃಷ್ಟಿ ತೆಗೆಯೋಣವೆಂದು ನಾನು ಎರಡೂ ಕೈ ಎತ್ತಿದ್ದೆ. ಅವಳು ಹೆದರಿ ಓಡಿ ನಿನ್ನ ಸೆರಗಿನ ಹಿಂದೆ ಅಡಗಿ, "ಅಮ್ಮಾ, ಚಿಕ್ಕಮ್ಮ ಹೊಡೀಲಿಕ್ಕೆ ಬಂದ್ರು" ಎಂದಳು. ನೀನು ಅವಳನ್ನು ಬೈದೆ, ನಾನು ನಕ್ಕೆ. ಎತ್ತಿದ ಆ ಕೈಗಳಿಗೆ ನೆಟಿಕೆ ಮುರಿಯಲು ಗುರುವಾರದವರೆಗೆ ಒಂದು ಮಗು ಸಿಕ್ಕಿರಲಿಲ್ಲ.

ಪೊಟ್ಟಣದಲ್ಲಿ ಹವಳದ ಸರವಿದೆ. ಬರ್ ದುಬೈಯ ದೇವಸ್ಥಾನದ ಗಲ್ಲಿಯಲ್ಲಿ ತೆಗೆದುಕೊಂಡೆ. ನೀನೇ ಅವಳಿಗೆ ಕಟ್ಟು. ಯಾರು ಕೊಟ್ಟದ್ದೆಂದು ಕೇಳಿದರೆ, ಯಾವಾಗಲೂ ಮಾಡುವ ಹಾಗೆ 'ಚಿಕ್ಕಮ್ಮ ಅಲ್ಲ, ಅಮ್ಮ' ಎಂದು ಅವಳನ್ನು ತಿದ್ದಲು ಹೋಗಬೇಡ. ಚಿಕ್ಕಮ್ಮ ಕಳಿಸಿದ್ದು ಎಂದು ಹೇಳು.