ಹುಟ್ಟಿದವರು, ಉಳಿದವರು

ಅಮ್ಮಾ,

ಫೋನಿನಲ್ಲಿ ಹೇಳಲು ಹೊರಟರೆ "ಊಟ ಆಯ್ತಾ" ಎಂದು ಮಾತು ತಿರುಗಿಸುತ್ತೀಯ. ಅದಕ್ಕೇ ಈ ಕಾಗದ.

ನಮ್ಮ ಜನನ-ಮರಣ ನೋಂದಣಿ ಕಚೇರಿಯನ್ನು ನೀನು ನೋಡಿದ್ದೀಯ. ಬಾಗಿಲು ತೆರೆಯುವ ಹೊತ್ತಿಗೇ ಮೆಟ್ಟಿಲ ತುಂಬ ಬಾಣಂತಿಯರು, ಅಪ್ಪಂದಿರು, ಅಳುವ ಕೂಸುಗಳು. ಜನನದ ಪುಸ್ತಕ ಎರಡು ತಿಂಗಳಿಗೆ ತುಂಬುತ್ತದೆ. ಮರಣದ್ದು ವರ್ಷವಾದರೂ ಮುಗಿಯುವುದಿಲ್ಲ. ಈಗಿನವರದು ಹೆತ್ತದ್ದೇ ಹೆತ್ತದ್ದು ಎಂದು ನಮ್ಮ ಹಿರಿಯ ಗುಮಾಸ್ತರು ಗೊಣಗುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅರ್ಜಿಯಲ್ಲಿ ತಾಯಿಗೆ ಎರಡು ಪ್ರಶ್ನೆಗಳಿವೆ. ಹುಟ್ಟಿದ ಮಕ್ಕಳೆಷ್ಟು, ಈಗ ಇರುವವರೆಷ್ಟು. ಮೊದಲನೆಯದನ್ನು ಮಾತ್ರ ಕೇಳಿ ಅದೇ ಅಂಕಿಯನ್ನು ಎರಡೂ ಕಡೆ ಬರೆದುಬಿಡುತ್ತಿದ್ದೆ; ಕೈಗೆ ಅಷ್ಟು ರೂಢಿಯಾಗಿತ್ತು. ಸೋಮವಾರ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ನಾಲ್ಕು ಎಂದಳು. ನಾಲ್ಕು, ನಾಲ್ಕು ಎಂದು ಬರೆದೆ. ಅವಳು ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ಮೂರು ಮಾಡಿ ಮೇಡಂ, ಎರಡನೆಯವಳು ಉಳೀಲಿಲ್ಲ" ಎಂದಳು. ನನಗೆ ಭೂಮಿಗೆ ಇಳಿದುಹೋದಂತಾಯಿತು. ಕ್ಷಮೆ ಕೇಳಿ ತಿದ್ದಿದೆ.

ಮನಸ್ಸು ತಡೆಯಲಿಲ್ಲ. ಮಧ್ಯಾಹ್ನ ದಾಖಲೆ ಕೋಣೆಗೆ ಹೋಗಿ ನಾನು ಹುಟ್ಟಿದ ವರ್ಷದ ಪುಸ್ತಕ ಇಳಿಸಿದೆ. ಏಳು, ಮೂರು. ಒಂಬತ್ತು, ನಾಲ್ಕು. ಪುಟಪುಟವೂ ಹಾಗೆಯೇ. ಆಗಿನವರೇ ಹೆಚ್ಚು ಹೆತ್ತಿದ್ದಾರೆ, ಅಮ್ಮಾ. ಈಗ ಊರು ತುಂಬಿರುವುದು ಹುಟ್ಟಿದ ಮಕ್ಕಳು ಉಳಿಯುತ್ತಿರುವುದರಿಂದ. ತಲೆಯೆತ್ತಿ ಕಿಟಕಿಯಾಚೆ ನೋಡಿದೆ. ಎದುರಿನ ಶಾಲೆಯಲ್ಲಿ ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಸೇರುವ ಹೊತ್ತು. ರಸ್ತೆ ಕಾಣದಷ್ಟು ಮಕ್ಕಳು. ದಿನಾ ಶಪಿಸುತ್ತಿದ್ದ ಆ ಗದ್ದಲವನ್ನು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತ ನಿಂತೆ. ಇವರೆಲ್ಲ ಇದ್ದಾರಲ್ಲ ಎನಿಸಿ ಮೈ ಜುಮ್ಮೆಂದಿತು.

ಆಮೇಲೆ ಮತ್ತೆ ಪುಟ ತಿರುವಿದಾಗ ನಿನ್ನ ಹೆಸರು ಸಿಕ್ಕಿತು. ಆರು, ಎರಡು.

ಅಣ್ಣ, ನಾನು, ಎರಡಾಯಿತು. ಉಳಿದ ನಾಲ್ವರ ಸುದ್ದಿಯನ್ನು ನೀನು ಒಮ್ಮೆಯೂ ಎತ್ತಲಿಲ್ಲ. ನನಗೆ ಮೈ ಸ್ವಲ್ಪ ಬಿಸಿಯಾದರೂ ಎದೆಗವಚಿಕೊಂಡು ಆಸ್ಪತ್ರೆಗೆ ಓಡುತ್ತಿದ್ದೆಯಲ್ಲ, ನಮ್ಮಮ್ಮ ಪುಕ್ಕಲು ಎಂದು ಗೆಳತಿಯರ ಮುಂದೆ ಆಡಿಕೊಂಡು ನಕ್ಕಿದ್ದೇನೆ. ನೆನೆದರೆ ನಾಚಿಕೆಯಾಗುತ್ತದೆ. ನಾಲ್ವರನ್ನು ಕಳೆದುಕೊಂಡ ಮೇಲೂ ಇನ್ನೊಂದು ಮಗುವನ್ನು ಹೆರಲು ನಿನಗೆ ಎಲ್ಲಿಂದ ಬಂತು ಆ ಧೈರ್ಯ?

ಭಾನುವಾರ ಬರುತ್ತೇನೆ. ಅವರನ್ನು ಏನೆಂದು ಕರೆಯುತ್ತಿದ್ದೆ, ಯಾರು ಯಾರ ಹಾಗಿದ್ದರು, ಹೇಳು. ಆಗದಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂರೋಣ. ನನ್ನ ಮೂವರನ್ನೂ ಕರೆತರುತ್ತೇನೆ. ಹೆತ್ತ ಮೂವರೂ ಕಣ್ಣೆದುರಿಗಿರುವುದು ಎಷ್ಟು ದೊಡ್ಡ ಸಂಗತಿ ಎಂದು ಮೊನ್ನೆಯವರೆಗೂ ನನಗೆ ಹೊಳೆದಿರಲಿಲ್ಲ.

ನೀನು ನೂರ್ಕಾಲ ತಣ್ಣಗಿರು.

ನಿನ್ನ ಆರನೆಯವಳು